ಕಷ್ಟ ಬಂದಾಗ ‘ಹೆಣ್ಣುಮಕ್ಕಳೇ ಸರಿ’ ಅನ್ನುವವರ ಲೆಕ್ಕಾಚಾರ

ಪ್ರಶ್ನೆ: ನಾನು ಮಧ್ಯ ಕರ್ನಾಟಕದ ಒಂದು ಪಟ್ಟಣದ ಸೌಹಾರ್ದ ಪತ್ತಿನ ಸಹಕಾರಿಯಲ್ಲಿ ಅಕೌಂಟೆಂಟ್. ಸೇರಿ ಹದಿನಾರು ವರ್ಷ ಆಯಿತು. ಈಗ ಎರಡು ದೊಡ್ಡ ಸಾಲ ಸುಸ್ತಿಯಾಗಿ, ಸುದ್ದಿ ಊರೆಲ್ಲ ಹಬ್ಬಿದೆ. ಠೇವಣಿದಾರರು ಎಫ್‌ಡಿ ಮುರಿಸಲು ದಿನಾ ಬೆಳಗ್ಗೆ ಬಾಗಿಲ ಮುಂದೆ ನಿಲ್ಲುತ್ತಿದ್ದಾರೆ. ನಮ್ಮ ಸಿಇಒ ರಜೆ ಹಾಕಿ ಹೋದವರು ಅಲ್ಲಿಂದಲೇ ರಾಜೀನಾಮೆ ಕಳಿಸಿದರು. ಆಡಳಿತ ಮಂಡಳಿಯವರು ನನ್ನನ್ನು ಪ್ರಭಾರ ಸಿಇಒ ಮಾಡುತ್ತೇವೆ ಅನ್ನುತ್ತಿದ್ದಾರೆ. ಅಧ್ಯಕ್ಷರು ‘ಇಂಥ ಹೊತ್ತಲ್ಲಿ ಹೆಣ್ಣುಮಕ್ಕಳೇ ಸರಿಯಮ್ಮ, ತಾಳ್ಮೆಯಿಂದ ಜನರನ್ನ ಸಂಭಾಳಿಸ್ತೀರಿ’ ಎಂದರು. ಇನ್ನೊಬ್ಬ ನಿರ್ದೇಶಕರು ‘ಈಗ ಗಟ್ಟಿ ಗಂಡಸು ಬೇಕು’ ಅಂತ ನನ್ನೆದುರೇ ಹೇಳಿದರು. ಇಬ್ಬರಲ್ಲಿ ಯಾರು ಸರಿ? ನಾನು ಒಪ್ಪಿಕೊಳ್ಳಲೇ?

ಉತ್ತರ: ಇಬ್ಬರೂ ಸರಿಯಿಲ್ಲ. ಆದರೆ ‘ಗಟ್ಟಿ ಗಂಡಸು ಬೇಕು’ ಅಂದವರಿಗಿಂತ ಹೊಗಳಿದವರ ಮಾತಿನ ಬಗ್ಗೆಯೇ ನೀವು ಜಾಸ್ತಿ ಹುಷಾರಾಗಿರಬೇಕು. ಮೊದಲಿನದು ಬಾಯಿಬಿಟ್ಟು ಆಡಿದ ಅಸಡ್ಡೆ. ಅದಕ್ಕೆ ಎದುರುತ್ತರ ಕೊಡಬಹುದು. ಹೊಗಳಿಕೆಗೆ ಹಾಗೆ ಕೊಡಲು ಬರುವುದಿಲ್ಲ.

2003ರ ನವೆಂಬರಿನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬ್ರಿಟನ್ನಿನ ದೊಡ್ಡ ಕಂಪನಿಗಳಲ್ಲಿ, ಯಾವುದರ ಮಂಡಳಿಯಲ್ಲಿ ಹೆಂಗಸರು ಹೆಚ್ಚಿದ್ದಾರೋ ಅವುಗಳ ಷೇರಿನ ಗತಿ ಕೆಟ್ಟದಾಗಿದೆ, ಹಾಗಾಗಿ ಹೆಂಗಸರು ಬಂದದ್ದೇ ಕೇಡು ಎನ್ನುವ ಧಾಟಿ ಅದರದು. ಎಕ್ಸಿಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಅದೇ ಕಂಪನಿಗಳನ್ನು ಮತ್ತೆ ತೆಗೆದುಕೊಂಡರು. ಅವರು ಮಾಡಿದ್ದು ಸರಳ ಕೆಲಸ. ನೇಮಕ ಯಾವ ತಿಂಗಳು ಆಯಿತು, ಷೇರು ಯಾವ ತಿಂಗಳಿಂದ ಇಳಿಯಿತು ಅಂತ ನೋಡಿದರು. ಮಾರುಕಟ್ಟೆ ಕುಸಿದಿದ್ದ ಕಾಲದಲ್ಲಿ ಹೆಂಗಸರನ್ನು ಮಂಡಳಿಗೆ ಕರೆದ ಕಂಪನಿಗಳು, ಕರೆಯುವುದಕ್ಕೆ ಐದು ತಿಂಗಳ ಹಿಂದಿನಿಂದಲೇ ಮುಗ್ಗರಿಸುತ್ತಿದ್ದವು. ಅಂದರೆ ಹೆಂಗಸರು ಬಂದು ಕಂಪನಿ ಕೆಡಲಿಲ್ಲ. ಕೆಟ್ಟ ಮೇಲೆ ಹೆಂಗಸರನ್ನು ಕರೆದರು. 2005ರಲ್ಲಿ ಪ್ರಕಟವಾದ ಈ ಕೆಲಸದಿಂದಲೇ ‘ಗ್ಲಾಸ್ ಕ್ಲಿಫ್’ ಎಂಬ ಹೆಸರು ಬಂತು. ಮೇಲೆ ಹತ್ತಿಸುತ್ತಾರೆ, ಆದರೆ ಕಾಲು ಜಾರುವ ಅಂಚಿಗೇ ಹತ್ತಿಸುತ್ತಾರೆ.

ನಿಮ್ಮ ಅಧ್ಯಕ್ಷರ ಮಾತಿಗೆ ಇನ್ನೂ ಹತ್ತಿರದ್ದು 2011ರಲ್ಲಿ ಇದೇ ರಯಾನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. ಕಷ್ಟದಲ್ಲಿರುವ ಕಂಪನಿಗೆ ಎಂಥ ಮುಖ್ಯಸ್ಥರು ಬೇಕು ಅಂತ ಜನರನ್ನು ಕೇಳಿದಾಗ, ಹೆಂಗಸರಿಗೆ ಅಂಟಿಸುವ ಗುಣಗಳನ್ನೇ ಹಲವರು ಆರಿಸಿದರು. ಆದರೆ ಯಾವ ಕೆಲಸಕ್ಕೆ? ಸಿಬ್ಬಂದಿಯನ್ನು ಸಮಾಧಾನ ಮಾಡಲು, ಹಿಂದೆ ನಿಂತು ಸಹಿಸಿಕೊಳ್ಳಲು, ಕೊನೆಗೆ ಸೋತರೆ ಹೊಣೆ ಹೊರಲು. ಕಂಪನಿಯ ಪರ ಮುಂದೆ ನಿಂತು ಮಾತಾಡಬೇಕು, ವ್ಯವಹಾರ ಮೇಲೆತ್ತಬೇಕು ಅಂದಾಗ ಆ ಒಲವು ಕಾಣಲಿಲ್ಲ. ‘ಜನರನ್ನ ಸಂಭಾಳಿಸ್ತೀರಿ’ ಎಂದರಲ್ಲ, ‘ಸಾಲ ವಸೂಲಿ ಮಾಡ್ತೀರಿ’ ಅಂತಲೂ ಅಂದರಾ? ಅದನ್ನು ಮೊದಲು ನೆನಪು ಮಾಡಿಕೊಳ್ಳಿ.

ಎಲ್ಲ ಕಡೆಯೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ, ಈ ಒಲವು ಇದೆ, ಆದರೆ ಸಣ್ಣದು ಅಂತ ಕಂಡಿತು. ಒಬ್ಬರನ್ನು ಕರೆಯುವುದಕ್ಕೆ ನೂರು ಕಾರಣ ಇರುತ್ತವೆ. ಹದಿನಾರು ವರ್ಷದ ಲೆಕ್ಕ ನಿಮ್ಮ ಬೆರಳ ತುದಿಯಲ್ಲಿರುವುದೂ ಅದರಲ್ಲಿ ಒಂದಾಗಿರಬಹುದು.

ಈಗ ನಿಮ್ಮ ನೇರ ಪ್ರಶ್ನೆ. ಬಿಕ್ಕಟ್ಟಿನಲ್ಲಿ ಯಾರು ಚೆನ್ನಾಗಿ ನಡೆಸುತ್ತಾರೆ? 2020ರಲ್ಲಿ ಕೊರೊನಾ ಬಂದ ಮೊದಲ ತಿಂಗಳುಗಳಲ್ಲಿ ಇದಕ್ಕೆ ಉತ್ತರ ಸಿಕ್ಕೇಬಿಟ್ಟಿತು ಅಂತ ಎಲ್ಲರಿಗೂ ಅನಿಸಿತ್ತು. ನ್ಯೂಜಿಲೆಂಡಿನ ಜಸಿಂಡಾ ಆರ್ಡರ್ನ್, ಜರ್ಮನಿಯ ಏಂಜೆಲಾ ಮರ್ಕೆಲ್, ತೈವಾನಿನ ತ್ಸಾಯ್ ಇಂಗ್-ವೆನ್ ಅವರ ಫೋಟೋ ಹಾಕಿ ‘ಹೆಂಗಸರು ಗೆದ್ದರು’ ಅನ್ನುವ ವಾಟ್ಸ್ಯಾಪ್ ಸಂದೇಶ ನಿಮಗೂ ಬಂದಿರಬೇಕು. ಸುಪ್ರಿಯಾ ಗರಿಕಿಪಾಟಿ ಮತ್ತು ಉಮಾ ಕಂಭಂಪಾಟಿ ಎಂಬ ಅರ್ಥಶಾಸ್ತ್ರಜ್ಞೆಯರು 194 ದೇಶಗಳನ್ನು ತೆಗೆದುಕೊಂಡು, ಹೆಂಗಸರು ನಡೆಸುತ್ತಿದ್ದ 19 ದೇಶಗಳನ್ನು ಅವುಗಳಂತೆಯೇ ಇರುವ ಬೇರೆ ದೇಶಗಳ ಜೊತೆ ಹೋಲಿಸಿದರು. ಮೊದಲ ಅಲೆಯಲ್ಲಿ ಆ ದೇಶಗಳಲ್ಲಿ ಸಾವು ಕಡಿಮೆ, ಲಾಕ್‌ಡೌನ್ ಬೇಗ ಅಂತ ಬಂತು. ಅದೇ ವರ್ಷ ಬೇರೆ ಸಂಶೋಧಕರು ಬೇರೆ ರೀತಿ ಲೆಕ್ಕ ಹಾಕಿದಾಗ, ಆ ವ್ಯತ್ಯಾಸ ನಂಬುವಷ್ಟು ಗಟ್ಟಿಯಿಲ್ಲ, ಆ ದೇಶಗಳ ಸಮಾಜದ ರೀತಿನೀತಿಯ ಪಾಲು ದೊಡ್ಡದು ಅಂತ ಬಂತು.

ನನಗೆ ಎರಡನೆಯದೇ ಹೆಚ್ಚು ಸರಿ ಅನಿಸುತ್ತದೆ. ಯಾಕಂದ್ರೆ ಬೆಲ್ಜಿಯಂ ಇದೆ. 2019ರ ಅಕ್ಟೋಬರಿನಿಂದ 2020ರ ಅಕ್ಟೋಬರಿನವರೆಗೆ ಅಲ್ಲಿ ಪ್ರಧಾನಿಯಾಗಿದ್ದವರು ಸೋಫಿ ವಿಲ್ಮೆಸ್. ಮೊದಲ ಅಲೆಯಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸಾವು ಕಂಡ ದೇಶಗಳಲ್ಲಿ ಅದೂ ಒಂದು. ಆ ವಾಟ್ಸ್ಯಾಪ್ ಸಂದೇಶದಲ್ಲಿ ಅವರ ಫೋಟೋ ಇರಲಿಲ್ಲ, ಅಲ್ವಾ? ಗಂಡಸರೇ ನಡೆಸುತ್ತಿದ್ದ ವಿಯೆಟ್ನಾಂ, ದಕ್ಷಿಣ ಕೊರಿಯಾಗಳು ಆಗ ತುಂಬ ಚೆನ್ನಾಗಿ ನಿಭಾಯಿಸಿದವು. ಅಷ್ಟೇ ಅಲ್ಲ, ಕೊರಿಯಾದ ಅಧ್ಯಕ್ಷರು ಗಂಡಸು, ಆದರೆ ರೋಗ ನಿಯಂತ್ರಣದ ಮುಖ್ಯಸ್ಥೆ ಜಂಗ್ ಉನ್-ಕ್ಯೊಂಗ್ ಹೆಂಗಸು. ತೈವಾನಿನ ಅಧ್ಯಕ್ಷೆ ಹೆಂಗಸು, ಉಪಾಧ್ಯಕ್ಷ ಚೆನ್ ಚಿಯೆನ್-ಜೆನ್ ಗಂಡಸು, ಸಾಂಕ್ರಾಮಿಕ ರೋಗಗಳ ತಜ್ಞ. ಎರಡೂ ಕಡೆ ಹಿಂದೆ ಒಮ್ಮೆ ಪೆಟ್ಟು ತಿಂದ ನೆನಪಿತ್ತು. ತೈವಾನಿಗೆ 2003ರ ಸಾರ್ಸ್, ಕೊರಿಯಾಕ್ಕೆ 2015ರ ಮರ್ಸ್, ಎರಡೂ ಕೊರೊನಾದಂಥದೇ ಸೋಂಕು. ಗೆಲುವನ್ನು ಯಾರ ಹೆಸರಿಗೆ ಬರೆಯುತ್ತೀರಿ?

ದೇಶ ದೇಶಗಳ ಹೋಲಿಕೆಗಿಂತ ಬ್ರೆಜಿಲಿನ ಒಂದು ಅಧ್ಯಯನ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಕೂದಲೆಳೆ ಅಂತರದಲ್ಲಿ ಮಹಿಳೆ ಗೆದ್ದ ಊರುಗಳನ್ನು, ಅಷ್ಟೇ ಸಣ್ಣ ಅಂತರದಲ್ಲಿ ಪುರುಷ ಗೆದ್ದ ಊರುಗಳ ಜೊತೆ ಇಟ್ಟು ನೋಡಿದರು. ಹತ್ತಿಪ್ಪತ್ತು ಮತ ಆಚೀಚೆ ಆಗಿದ್ದರೆ ಮೇಯರ್ ಬದಲಾಗುತ್ತಿದ್ದರು, ಹಾಗಾಗಿ ಊರುಗಳು ಹೆಚ್ಚುಕಡಿಮೆ ಒಂದೇ ಥರ. ಮಹಿಳಾ ಮೇಯರ್ ಇದ್ದ ಕಡೆ ಕೊರೊನಾ ಸಾವು ಕಡಿಮೆ ಇತ್ತು. ಆದರೆ ಅದರ ಕಾರಣ ನೋಡಿ: ಮಾಸ್ಕ್ ಕಡ್ಡಾಯ, ಗುಂಪು ಸೇರಲು ತಡೆ. ಅವರು ಈ ಆದೇಶಗಳನ್ನು ಹೆಚ್ಚಾಗಿ ಹೊರಡಿಸಿದ್ದರು. ಗಂಡಸು ಮೇಯರ್ ಕೂಡ ಹೊರಡಿಸಬಹುದಾದ ಆದೇಶ ಅವು.

ಇನ್ನು ಒತ್ತಡದ ವಿಷಯ. ‘ಗಟ್ಟಿ ಗಂಡಸು’ ಅಂದವರಿಗೆ ಹೇಳಬೇಕಾದ ಒಂದು ಪ್ರಯೋಗ ಇದೆ. 2009ರಲ್ಲಿ ಅಮೆರಿಕದಲ್ಲಿ ಕೆಲವರ ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಅದ್ದಿಸಿದರು. ಅದು ಮೈಗೆ ಒತ್ತಡ ಕೊಡುವ ಹಳೆಯ ವಿಧಾನ. ಆಮೇಲೆ ಕಂಪ್ಯೂಟರಿನಲ್ಲಿ ಬಲೂನು ಊದುವ ಆಟ ಆಡಿಸಿದರು. ಒಂದೊಂದು ಸಲ ಊದಿದಾಗಲೂ ದುಡ್ಡು ಸೇರುತ್ತದೆ, ಬಲೂನು ಒಡೆದರೆ ಅದರ ದುಡ್ಡು ಹೋಯಿತು. ಕೈ ಅದ್ದದೆ ಆಡಿದವರಲ್ಲಿ ಗಂಡಸು ಹೆಂಗಸು ಅಂತ ಹೆಚ್ಚು ವ್ಯತ್ಯಾಸ ಇರಲಿಲ್ಲ. ಕೈ ಅದ್ದಿದ ಮೇಲೆ ಗಂಡಸರು ಇನ್ನೂ ಜಾಸ್ತಿ ಊದಿದರು, ಹೆಂಗಸರು ಬೇಗ ನಿಲ್ಲಿಸಿದರು. ಇದನ್ನು ಹಿಡಿದುಕೊಂಡು ‘ನೋಡಿ, ಹೆಂಗಸರೇ ಮೇಲು’ ಅನ್ನಬೇಡಿ. ಅದು ಬರೀ 45 ಜನರ ಪ್ರಯೋಗ, ಮೇಲಾಗಿ ಬೇಗ ನಿಲ್ಲಿಸುವುದು ಎಲ್ಲ ಸಲವೂ ಜಾಣತನ ಅಲ್ಲ. ಆದರೆ ‘ಕಷ್ಟ ಬಂದರೆ ಹೆಂಗಸರ ತಲೆ ಓಡಲ್ಲ’ ಅನ್ನುವ ಮಾತಿಗೆ ಇದರಲ್ಲಿ ಯಾವ ಆಧಾರವೂ ಇಲ್ಲ. ಮುಖ್ಯಸ್ಥರ ಸಾಮರ್ಥ್ಯವನ್ನು ಅಳೆದ 95 ಅಧ್ಯಯನಗಳನ್ನು 2014ರಲ್ಲಿ ಒಟ್ಟು ಹಾಕಿದಾಗ ಬಂದ ಫಲಿತಾಂಶವಂತೂ ನನಗೆ ನಗು ತರಿಸುತ್ತದೆ. ಬೇರೆಯವರು ಅಂಕ ಕೊಟ್ಟಾಗ ಹೆಂಗಸರು ಒಂದು ಕೈ ಮೇಲೆ, ಅವರವರೇ ಅಂಕ ಹಾಕಿಕೊಂಡಾಗ ಗಂಡಸರು ಮೇಲೆ.

ಹಾಗಾದರೆ ಹೆಣ್ಣು ಗಂಡು ಅನ್ನುವುದರಿಂದ ಏನೂ ವ್ಯತ್ಯಾಸ ಇಲ್ಲವಾ? ಇದೆ. ನೀವು ಹೇಗೆ ನಡೆಸುತ್ತೀರಿ ಅನ್ನುವುದಕ್ಕಿಂತ ಜನ ಅದನ್ನು ಹೇಗೆ ನೋಡುತ್ತಾರೆ ಅನ್ನುವುದರಲ್ಲಿ ಇದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಸಂಶೋಧಕರು ಪ್ರಧಾನರ (ಅಂದರೆ ಅಲ್ಲಿನ ಗ್ರಾಮ ಪಂಚಾಯಿತಿ ಅಧ್ಯಕ್ಷರ) ಒಂದು ಭಾಷಣವನ್ನು ರೆಕಾರ್ಡ್ ಮಾಡಿ ಕೇಳಿಸಿದರು. ಮಾತು ಅಕ್ಷರಕ್ಕೆ ಅಕ್ಷರ ಒಂದೇ. ಕೆಲವರಿಗೆ ಗಂಡಸಿನ ದನಿ, ಕೆಲವರಿಗೆ ಹೆಂಗಸಿನ ದನಿ. ಹಿಂದೆಂದೂ ಮಹಿಳಾ ಪ್ರಧಾನರನ್ನು ಕಾಣದ ಹಳ್ಳಿಗಳಲ್ಲಿ ಗಂಡಸರು ಹೆಂಗಸಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳೆ ಪ್ರಧಾನರಾಗಿದ್ದ ಹಳ್ಳಿಗಳಲ್ಲಿ ಆ ತಾರತಮ್ಯ ಕರಗಿತ್ತು. ಕರ್ನಾಟಕದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇಕಡಾ 25 ಸ್ಥಾನ ಇತ್ತು, ದೇಶಕ್ಕೆಲ್ಲ ಸಂವಿಧಾನದ ತಿದ್ದುಪಡಿ ಬರುವ ಮೊದಲೇ. ಅಷ್ಟಾದರೂ ನಿಮ್ಮ ಸಹಕಾರಿಯಲ್ಲಿ ಇವತ್ತಿನವರೆಗೆ ಮಹಿಳಾ ಸಿಇಒ ಯಾರೂ ಇರದಿದ್ದರೆ, ನಿಮ್ಮ ಮೊದಲ ಆರು ತಿಂಗಳಿಗೆ ಅಂಕ ಕಡಿಮೆಯೇ ಬೀಳುತ್ತದೆ. ತಯಾರಾಗಿ ಹೋಗಿ.

ಅಂಕ ಮೇಲಕ್ಕೂ ತಪ್ಪಬಹುದು. ನಮ್ಮ ರಾಜ್ಯದ್ದೇ ಉದಾಹರಣೆ ಕಾಫಿ ಡೇ. ಅದನ್ನು ಕಟ್ಟಿದ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡರು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಕಾಫಿ ಡೇ ಎಂಟರ್‌ಪ್ರೈಸಸ್‌ನ ಸಿಇಒ ಆದರು. ‘7,000 ಕೋಟಿ ಸಾಲವನ್ನು ಒಬ್ಬ ಹೆಣ್ಣುಮಗಳು ತೀರಿಸಿದಳು’ ಅನ್ನುವ ಪೋಸ್ಟುಗಳು ಇವತ್ತಿಗೂ ಓಡಾಡುತ್ತವೆ. 2019ರ ಮಾರ್ಚಿನಲ್ಲಿ ಸಾಲ ಸುಮಾರು 7,200 ಕೋಟಿ ಇದ್ದದ್ದು ನಿಜ. ಆದರೆ ಅದರ ದೊಡ್ಡ ಪಾಲು ಇಳಿದದ್ದು ಆಸ್ತಿ ಮಾರಿದ್ದರಿಂದ. ಮೈಂಡ್‌ಟ್ರೀ ಎಂಬ ಐಟಿ ಕಂಪನಿಯಲ್ಲಿದ್ದ ಷೇರುಗಳ ಮಾರಾಟ ಸಿದ್ಧಾರ್ಥ ಅವರ ಕಾಲದಲ್ಲೇ ಆಗಿತ್ತು, ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಿದ್ದೂ ಮಾಳವಿಕಾ ಸಿಇಒ ಆಗುವ ಮೊದಲೇ. ಆಮೇಲೂ ಸಾಲ ಕೊಟ್ಟವರು ದಿವಾಳಿ ಅರ್ಜಿ ಹಿಡಿದು ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ಮೆಟ್ಟಿಲೇರಿದರು. ಅಂಥ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತದ್ದು, ನಷ್ಟದ ಅಂಗಡಿಗಳನ್ನು ಮುಚ್ಚಿ ಉಳಿದದ್ದನ್ನು ನಡೆಸಿದ್ದು ಸಣ್ಣ ಕೆಲಸ ಏನಲ್ಲ. ಆದರೆ ಪವಾಡದ ಕಥೆ ಕಟ್ಟಿದವರು ಅವರಿಗೆ ಉಪಕಾರ ಮಾಡಲಿಲ್ಲ. ಪವಾಡ ಮಾಡಿದವರಿಗೆ ಮುಂದಿನ ಸಲ ಸಾಮಾನ್ಯ ಸೋಲಿಗೂ ಕ್ಷಮೆ ಇರುವುದಿಲ್ಲ.

ಗುಣಗಳ ವಿಷಯಕ್ಕೆ ಬರುತ್ತೇನೆ. ಬಿಕ್ಕಟ್ಟಿನಲ್ಲಿ ಕೆಲಸಕ್ಕೆ ಬಂದದ್ದು ಏನು ಅಂತ ನೋಡಲು ನನಗೆ ಇಷ್ಟದ ಪ್ರಕರಣ 2018ರ ಮೇ ತಿಂಗಳಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಫಾ ವೈರಸ್ ರೋಗ. ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಒಂದೇ ಮನೆಯಲ್ಲಿ ಸಾವಿನ ಮೇಲೆ ಸಾವು. ವೈದ್ಯರಿಗೆ ಅನುಮಾನ ಬಂದು ಮಾದರಿಯನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ನಿಫಾ ಅಂತ ಮೊದಲು ಗುರುತಿಸಿದ್ದು ಅಲ್ಲಿ, ಪುಣೆಯ ಸಂಸ್ಥೆ ಖಚಿತಪಡಿಸಿತು. ಆಗ ಕೇರಳದ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ, ಹಿಂದೆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ಜನ ಊರು ಬಿಡುವ ಯೋಚನೆಯಲ್ಲಿದ್ದಾಗ ಅವರು ಅದೇ ಊರಿಗೆ ಹೋದರು. ರೋಗ ಹೇಗೆ ಹರಡುತ್ತದೆ, ಎಷ್ಟು ದೂರ ಇದ್ದರೆ ಭಯವಿಲ್ಲ ಅಂತ ಜನರಿಗೆ ಬಿಡಿಸಿ ಹೇಳಿದರು. ರೋಗಿಗಳ ಹತ್ತಿರ ಬಂದಿದ್ದ 2,000ಕ್ಕೂ ಹೆಚ್ಚು ಜನರ ಪಟ್ಟಿ ಮಾಡಿಸಿ, ದಿನಾ ವಿಚಾರಿಸುವ ವ್ಯವಸ್ಥೆ ಆಯಿತು. 17 ಜನ ತೀರಿಕೊಂಡರು, ಅವರಲ್ಲಿ ಶುಶ್ರೂಷೆ ಮಾಡಿದ ನರ್ಸ್ ಲಿನಿ ಒಬ್ಬರು. ಆದರೆ ರೋಗ ಅಲ್ಲಿಗೆ ನಿಂತಿತು.

ಇದೇ ಸಚಿವೆ 2020ರ ಜನವರಿ 24ಕ್ಕೇ ಕೊರೊನಾ ಕಂಟ್ರೋಲ್ ರೂಮ್ ತೆರೆಸಿದ್ದರು. ದೇಶದ ಮೊದಲ ಪ್ರಕರಣ ತ್ರಿಶ್ಶೂರಿನಲ್ಲಿ ಪತ್ತೆಯಾದದ್ದು ಜನವರಿ 30ಕ್ಕೆ. ಇದರಲ್ಲಿ ‘ತಾಯಿ ಕರುಳು’ ಎಲ್ಲಿದೆ ಅಂತ ನಾನು ಹುಡುಕಲು ಹೋಗುವುದಿಲ್ಲ. ಬೇಗ ಶುರು ಮಾಡಿದ್ದು, ಪಟ್ಟಿ, ದಿನದಿನದ ಲೆಕ್ಕ, ಗೊತ್ತಿದ್ದವರ ಮಾತು ಕೇಳಿದ್ದು, ಭಯ ಇರುವ ಜಾಗಕ್ಕೆ ತಾನೇ ಹೋದದ್ದು. ಮರ್ಕೆಲ್ 2020ರ ಏಪ್ರಿಲ್ 15ರಂದು ಪತ್ರಕರ್ತರ ಮುಂದೆ ಮಾಡಿದ್ದೂ ಅದೇ ಜಾತಿಯದು. ಒಬ್ಬ ಸೋಂಕಿತನಿಂದ 1.1 ಜನರಿಗೆ ಹರಡಿದರೆ ಅಕ್ಟೋಬರಿಗೆ ಆಸ್ಪತ್ರೆಗಳ ಮಿತಿ ಮುಟ್ಟುತ್ತೇವೆ, 1.2 ಆದರೆ ಜುಲೈಗೆ, 1.3 ಆದರೆ ಜೂನಿಗೇ ಎಂದರು. ಬುದ್ಧಿ ಹೇಳಲಿಲ್ಲ, ಲೆಕ್ಕ ತೋರಿಸಿದರು.

ಆದರೆ 2021ರಲ್ಲಿ ಏನಾಯಿತು ಅಂತಲೂ ತಿಳಿದಿರಲಿ. ಶೈಲಜಾ ಮಟ್ಟನ್ನೂರಿನಲ್ಲಿ 60,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮಂತ್ರಿ ಸ್ಥಾನ ಸಿಗಲಿಲ್ಲ. ಮುಖ್ಯಮಂತ್ರಿ ಬಿಟ್ಟು ತನ್ನ ಮಂತ್ರಿಗಳೆಲ್ಲ ಹೊಸಬರೇ ಅನ್ನುವುದು ಪಕ್ಷದ ತೀರ್ಮಾನವಾಗಿತ್ತು, ಆರೋಗ್ಯ ಖಾತೆ ವೀಣಾ ಜಾರ್ಜ್ ಅವರಿಗೆ ಹೋಯಿತು. ಕೆಲಸ ಚೆನ್ನಾಗಿ ಮಾಡಿದರೆ ಕುರ್ಚಿ ಉಳಿಯುತ್ತದೆ ಅಂತ ಯಾರೂ ಬರೆದುಕೊಟ್ಟಿರುವುದಿಲ್ಲ.

ನಿಮ್ಮ ಸಹಕಾರಿಗೆ ಹೆಚ್ಚು ಹತ್ತಿರ ಬರುವುದು ಮೇರಿ ಬಾರಾ ಅವರ ಕಥೆ. 2014ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಸಿಇಒ ಆದರು. ಕೆಲವೇ ವಾರಗಳಲ್ಲಿ ಇಗ್ನಿಷನ್ ಸ್ವಿಚ್ ದೋಷ ಹೊರಬಿತ್ತು. ಕಾರು ಓಡುತ್ತಿರುವಾಗಲೇ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಕಂಪನಿಯ ಒಳಗಿನ ಕೆಲವರಿಗೆ ಇದು ವರ್ಷಗಟ್ಟಲೆ ಗೊತ್ತಿತ್ತು. ಕೊನೆಗೆ 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಬಾರಾ ಹೊರಗಿನ ವಕೀಲರಿಂದ ತನಿಖೆ ಮಾಡಿಸಿದರು, ವರದಿಯನ್ನು ಹೊರಗೆ ಬಿಟ್ಟರು, 15 ಜನರನ್ನು ಕೆಲಸದಿಂದ ತೆಗೆದರು. ಹಳೆಯ ಕೊಳೆಯನ್ನು ತನ್ನ ಕಾಲದ್ದರ ಜೊತೆ ಬೆರೆಯಲು ಬಿಡಲಿಲ್ಲ.

ನೀವು ಮಾಡಬೇಕಾದದ್ದೂ ಇದೇ, ಒಪ್ಪಿಕೊಳ್ಳುವ ಮೊದಲೇ. ಒಂದು ತಾರೀಖು ಗುರುತು ಮಾಡಿ, ಆ ದಿನಕ್ಕೆ ಸಹಕಾರಿಯ ಸ್ಥಿತಿ ಏನು ಅಂತ ಆಡಿಟರ್ ಸಹಿ ಹಾಕಿದ ಕಾಗದ ಕೇಳಿ. ಸುಸ್ತಿ ಸಾಲಗಳನ್ನು ಮಂಜೂರು ಮಾಡಿದ ಸಭೆಗಳ ನಡಾವಳಿಯ ಪ್ರತಿ ನಿಮ್ಮ ಹತ್ತಿರ ಇರಲಿ. ಸಾಲಗಾರರಲ್ಲಿ ನಿರ್ದೇಶಕರ ಸಂಬಂಧಿಕರು ಇದ್ದರೆ ಹೆಸರುಗಳು ಈಗಲೇ ಮೇಜಿನ ಮೇಲೆ ಬರಲಿ. ವಸೂಲಿ ನೋಟಿಸ್ ಕೊಡಲು, ದಾವೆ ಹೂಡಲು ಯಾರನ್ನೂ ಕೇಳದೆ ಮುಂದುವರಿಯುವ ಅಧಿಕಾರ ನಿಮಗಿದೆ ಅಂತ ನಿರ್ಣಯದಲ್ಲಿ ಬರೆಸಿ. ‘ಪ್ರಭಾರ’ ಎಷ್ಟು ತಿಂಗಳು, ಆಮೇಲೆ ನಿಮ್ಮ ಹಳೆಯ ಹುದ್ದೆ ಇರುತ್ತದಾ, ಇದೂ ಬರಹದಲ್ಲೇ ಬರಲಿ. ಅಧ್ಯಕ್ಷರೇ ಆಗಲಿ, ‘ಗಟ್ಟಿ ಗಂಡಸು’ ಅಂದವರೇ ಆಗಲಿ, ಒಬ್ಬ ನಿರ್ದೇಶಕರು ದಿನಾ ಬೆಳಗ್ಗೆ ಕೌಂಟರಿನ ಹತ್ತಿರ ನಿಮ್ಮ ಪಕ್ಕ ಕೂರಬೇಕು. ಬೈಗುಳಕ್ಕೆ ನೀವು, ನಿರ್ಧಾರಕ್ಕೆ ಅವರು ಅನ್ನುವ ಹಂಚಿಕೆ ಬೇಡ.

ಒಪ್ಪಿಕೊಂಡಿರಿ ಅಂತ ಇಟ್ಟುಕೊಳ್ಳೋಣ. ಠೇವಣಿದಾರರ ಹತ್ತಿರ ‘ಏನೂ ಆಗಲ್ಲ, ನಿಮ್ಮ ದುಡ್ಡು ಭದ್ರ’ ಅಂತ ಮಾತ್ರ ಹೇಳಬೇಡಿ. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ನಿಮ್ಮಂಥ ಪತ್ತಿನ ಸಹಕಾರಿಯ ಠೇವಣಿಗೆ ಆ ವಿಮೆ ಇಲ್ಲ. ಅವರ ಭಯಕ್ಕೆ ಕಾರಣ ಇದೆ. ಅದನ್ನು ತಳ್ಳಿಹಾಕಿದರೆ ಸಿಟ್ಟು ಏರುತ್ತದೆ. ವಾರಕ್ಕೆ ಒಬ್ಬರಿಗೆ ಎಷ್ಟು ಕೊಡಲು ಆಗುತ್ತದೆ ಅಂತ ಲೆಕ್ಕ ಹಾಕಿ, ಮಂಡಳಿಯಲ್ಲಿ ಒಪ್ಪಿಗೆ ಪಡೆದು, ನೋಟಿಸ್ ಬೋರ್ಡಿಗೆ ಹಾಕಿ. ಆಸ್ಪತ್ರೆ ಖರ್ಚು, ಮದುವೆ ಇದ್ದವರಿಗೆ ಬೇರೆ ಸಾಲು ಮಾಡಿ, ನಿಯಮವನ್ನು ಅಲ್ಲೇ ಬರೆಯಿರಿ. ಈ ವಾರ ಎಷ್ಟು ವಸೂಲಾಯಿತು ಅಂತ ಪ್ರತಿ ಶನಿವಾರ ಅದೇ ಬೋರ್ಡಿನಲ್ಲಿ ಹಾಕಿ, ಸೊನ್ನೆ ಆಗಿದ್ದರೆ ಸೊನ್ನೆ ಅಂತಲೇ ಹಾಕಿ. ಪಿಗ್ಮಿ ಕಲೆಕ್ಟರುಗಳನ್ನು ದಿನಾ ಸಂಜೆ ಹತ್ತು ನಿಮಿಷ ಕೂರಿಸಿಕೊಳ್ಳಿ. ಊರಲ್ಲಿ ಏನು ಮಾತು ಓಡುತ್ತಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ನಿರ್ದೇಶಕರಿಗೂ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹಿಂದಿನ ಬಾಗಿಲಿಂದ ಯಾರ ಎಫ್‌ಡಿಯೂ ಮುರಿಯಬಾರದು. ಒಬ್ಬ ನಿರ್ದೇಶಕರ ಭಾವಮೈದುನನಿಗೆ ರಾತ್ರಿ ಚೆಕ್ ಕೊಟ್ಟ ಸುದ್ದಿ ಬೆಳಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ತಿಳಿದಿರುತ್ತದೆ. ಆಮೇಲೆ ನಿಮ್ಮ ತಾಳ್ಮೆಯಿಂದ ಏನೂ ಆಗುವುದಿಲ್ಲ.

ದನಿ ಏರಿಸಬೇಕಾ, ಮೆತ್ತಗೆ ಇರಬೇಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಏರಿಸಿದರೆ ‘ಜೋರು’ ಅನ್ನುತ್ತಾರೆ, ಮೆತ್ತಗಿದ್ದರೆ ‘ಕೈಲಾಗಲ್ಲ’ ಅನ್ನುತ್ತಾರೆ. ಗಂಡಸರಿಗೆ ಈ ಎರಡೂ ಇಷ್ಟು ಸಲೀಸಾಗಿ ಅಂಟುವುದಿಲ್ಲ. ಇದು ಅನ್ಯಾಯವೇ, ಆದರೆ ನೀವು ನಯವಾಗಿ ಮಾತಾಡಿದ ಮಾತ್ರಕ್ಕೆ ಸರಿಹೋಗುವಂಥದ್ದಲ್ಲ. ನಿಮ್ಮ ಸಹಜ ದನಿಯಲ್ಲೇ ಮಾತಾಡಿ, ಅಂಕಿಅಂಶ ಕೈಯಲ್ಲಿ ಇಟ್ಟುಕೊಂಡು ಮಾತಾಡಿ.

ಮೇಲೆ ಹೇಳಿದ ಷರತ್ತುಗಳಲ್ಲಿ ವಸೂಲಿಯ ಅಧಿಕಾರ ಮತ್ತು ಆಡಿಟರ್ ಕಾಗದ, ಈ ಎರಡಕ್ಕೆ ಮಂಡಳಿ ಒಪ್ಪದಿದ್ದರೆ ಹುದ್ದೆ ಬೇಡ ಅನ್ನಿ. ಬಾಯಿಮಾತಿನಲ್ಲಿ ಅಲ್ಲ. ಅಕೌಂಟೆಂಟ್ ಆಗಿ ಪೂರ್ತಿ ಸಹಕಾರ ಕೊಡುತ್ತೇನೆ, ಈ ಕಾರಣಕ್ಕೆ ಪ್ರಭಾರ ವಹಿಸಿಕೊಳ್ಳಲಾರೆ ಅಂತ ಅರ್ಧ ಪುಟ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಸಹಕಾರಿಯ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.